ಎರಡು ರಾತ್ರಿಯ ಮನೆಮಕ್ಕಳು

ಹೋಂಸ್ಟೇ ಎಂದ ಕೂಡಲೇ ನಮಗೆ ನೆನಪಾಗುವುದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಮನೆ. ತಲೆಗೆ ಇಷ್ಟು ಎಂದು ಮೊದಲೇ ಮಾತಾಡಿ, ಕಡುಬು ತಿಂದು, ಮಂಜು ನೋಡಿ, ಭಾನುವಾರ ಸಂಜೆ ಬೆಂಗಳೂರಿಗೆ ಮರಳುವ ಜಾಗ. ನಾನು ಹೇಳಹೊರಟಿರುವ ಹೋಂಸ್ಟೇ ಬೇರೆ. ಅದಕ್ಕೆ ದರಪಟ್ಟಿ ಇಲ್ಲ, ಕೋಣೆ ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಹುಡುಗನನ್ನೋ ಹುಡುಗಿಯನ್ನೋ ಒಂದು ಕುಟುಂಬ ಕೆಲವು ದಿನ ಮನೆಮಗುವೆಂದು ಒಪ್ಪಿಕೊಳ್ಳುತ್ತದೆ. ಮನೆಯವರು ಉಣ್ಣುವುದನ್ನೇ ಆ ಮಗುವೂ ಉಣ್ಣುತ್ತದೆ, ಅವರ ಬಚ್ಚಲಲ್ಲೇ ಮೀಯುತ್ತದೆ, ಅವರ ಅಜ್ಜಿಯ ಕಥೆಗೆ ಅರ್ಥವಾಗದಿದ್ದರೂ ತಲೆದೂಗುತ್ತದೆ. ಗೊಂದಲವಾಗಬಾರದೆಂದು ಇದನ್ನು ಮನೆವಾಸ ಎಂದು ಕರೆಯುತ್ತೇನೆ.

ಇದು ಹೊಸ ಯೋಚನೆಯೇನಲ್ಲ. ಅಮೆರಿಕದ ಡೊನಾಲ್ಡ್ ವಾಟ್ 1932ರಲ್ಲಿ ಯುವಕರ ತಂಡವೊಂದನ್ನು ಯೂರೋಪಿಗೆ ಕರೆದೊಯ್ದು ಇಂಥ ಪ್ರಯೋಗ ಆರಂಭಿಸಿದರು. ಎರಡೂ ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ್ದ ಎಎಫ್‌ಎಸ್ ಎಂಬ ಆಂಬುಲೆನ್ಸ್ ಚಾಲಕರ ಸಂಘ, ಎರಡನೆಯ ಯುದ್ಧ ಮುಗಿದ ಮೇಲೆ ಶಾಲಾ ಮಕ್ಕಳನ್ನು ಪರದೇಶದ ಮನೆಗಳಿಗೆ ಕಳಿಸುವ ಕೆಲಸಕ್ಕೆ ಇಳಿಯಿತು. ಆದರೆ ಮನೆವಾಸ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡಲು ನನಗೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆಯಾಗಿ ಕಾಣುವುದು ಏಷ್ಯಾದ ಒಂದು ಹಡಗು. ಅದರ ಹೆಸರು ‘ಆಗ್ನೇಯ ಏಷ್ಯಾ ಮತ್ತು ಜಪಾನ್ ಯುವಜನರ ಹಡಗು’.

ಈ ಹಡಗು ಹುಟ್ಟಿದ್ದು ಸಿಟ್ಟಿನ ನಡುವೆ. 1974ರ ಜನವರಿಯಲ್ಲಿ ಜಪಾನಿನ ಪ್ರಧಾನಿ ಕಾಕುಯೇ ತನಾಕಾ ಫಿಲಿಪ್ಪೀನ್ಸ್, ಥಾಯ್ಲೆಂಡ್, ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ ಎಂಬ ಐದು ದೇಶಗಳ ಪ್ರವಾಸ ಹೊರಟರು. ಬ್ಯಾಂಕಾಕ್‌ನಲ್ಲಿ ವಿದ್ಯಾರ್ಥಿಗಳು ಧಿಕ್ಕಾರ ಕೂಗಿ ಎದುರುಗೊಂಡರು. ಜಕಾರ್ತಾದಲ್ಲಿ ಜನವರಿ 15ರಂದು ಪ್ರತಿಭಟನೆ ದಂಗೆಗೆ ತಿರುಗಿತು. ಜಪಾನಿ ಕಾರುಗಳಿಗೆ ಬೆಂಕಿ ಬಿತ್ತು, ಜನ ಸತ್ತರು, ಅತಿಥಿಯಾಗಿ ಬಂದ ಪ್ರಧಾನಿ ಅಲ್ಲಿನ ಅರಮನೆಯಿಂದ ವಿಮಾನ ನಿಲ್ದಾಣಕ್ಕೆ ಹೆಲಿಕಾಪ್ಟರಿನಲ್ಲಿ ಹೋಗಬೇಕಾಯಿತು. ಇಂಡೋನೇಷ್ಯಾದಲ್ಲಿ ಆ ಘಟನೆಗೆ ‘ಮಲಾರಿ’ ಎನ್ನುತ್ತಾರೆ. ‘ಜನವರಿ ಹದಿನೈದರ ವಿಪತ್ತು’ ಎಂಬ ಮಾತಿನ ಚುಟುಕು ರೂಪ ಅದು.

ಆ ದಂಗೆಯ ಹಿಂದೆ ಇಂಡೋನೇಷ್ಯಾದ ಒಳರಾಜಕೀಯವೂ ಇತ್ತು, ನಿಜ. ಆದರೆ ಬೀದಿಗಿಳಿದವರ ಕಣ್ಣಿಗೆ ಕುಕ್ಕುತ್ತಿದ್ದದ್ದು ಎಲ್ಲೆಲ್ಲೂ ತುಂಬಿಕೊಂಡಿದ್ದ ಜಪಾನಿ ಸರಕು, ಜಪಾನಿ ಬಂಡವಾಳ. ಅದರ ಕೆಳಗೆ ಇನ್ನೂ ಹಳೆಯ ಗಾಯವೊಂದಿತ್ತು. 1942ರಿಂದ 1945ರವರೆಗೆ ಈ ಪ್ರದೇಶದ ಬಹುಭಾಗವನ್ನು ಜಪಾನಿ ಸೈನ್ಯ ಆಳಿತ್ತು. 1974ರಲ್ಲಿ ನಲವತ್ತೈದು ವರ್ಷದ ಗೃಹಿಣಿಯೊಬ್ಬಳಿಗೆ ಆ ಸೈನ್ಯ ಬಂದಾಗ ಹದಿಮೂರು ವರ್ಷ. ಅವಳಿಗೆ ಎಲ್ಲವೂ ನೆನಪಿತ್ತು. ಹೀಗೆ ಬೆಂಕಿ ಎದ್ದ ಪ್ರವಾಸದಲ್ಲೇ ಜಪಾನ್ ಆ ಐದೂ ದೇಶಗಳ ಜೊತೆ ಮಾಡಿಕೊಂಡ ಜಂಟಿ ಹೇಳಿಕೆಗಳಲ್ಲಿ ಒಂದು ಮಾತು ಸೇರಿತ್ತು: ಎರಡೂ ಕಡೆಯ ಯುವಕರನ್ನು ಒಂದೇ ಹಡಗಿನಲ್ಲಿ ಕೂರಿಸಿ ದೇಶದಿಂದ ದೇಶಕ್ಕೆ ಕಳಿಸೋಣ. ಅದೇ ವರ್ಷ ಮೊದಲ ಹಡಗು ಹೊರಟಿತು.

ಇದನ್ನು ಯೋಚಿಸಿದಾಗೆಲ್ಲ ನಾನು ಆ ಗೃಹಿಣಿಯ ಹತ್ತಿರವೇ ನಿಲ್ಲುತ್ತೇನೆ. ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕುವುದು ಸುಲಭ. ಯುದ್ಧ ಕಂಡ ಮನೆಯ ಬಾಗಿಲು ತೆರೆದು, ಜಪಾನಿ ಹುಡುಗನೊಬ್ಬನಿಗೆ ಚಾಪೆ ಹಾಸಿ, ತಟ್ಟೆಗೆ ಅನ್ನ ಬಡಿಸುವುದು ಯಾವ ಸರ್ಕಾರದ ಕೈಯಲ್ಲೂ ಇರಲಿಲ್ಲ. ಅದನ್ನು ಮಾಡಬೇಕಿದ್ದವರು ಆ ಮನೆಯವರೇ.

ಆಮೇಲೆ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್ ಬೆಳೆದಂತೆ ಹಡಗಿನ ಬಳಗವೂ ಬೆಳೆಯಿತು. 1985ರಲ್ಲಿ ಬ್ರೂನೈ, 1996ರಲ್ಲಿ ವಿಯೆಟ್ನಾಂ, 1998ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 2000ದಲ್ಲಿ ಕಾಂಬೋಡಿಯಾ ಸೇರಿ, ಜಪಾನನ್ನೂ ಎಣಿಸಿದರೆ ಹನ್ನೊಂದು ದೇಶಗಳಾದವು. 2020ರಲ್ಲಿ ಕೊರೊನಾ ಬಂದು ಹಡಗು ನಿಲ್ಲುವ ಹೊತ್ತಿಗೆ ಯಾನಕ್ಕೆ ಒಂದು ಗಟ್ಟಿಯಾದ ರೂಪ ಬಂದಿತ್ತು. ಮುಂದೆ ಹೇಳುವುದೆಲ್ಲ ಆ ರೂಪದ್ದು. ಪ್ರತಿ ದೇಶದಿಂದ ಸುಮಾರು 28 ಮಂದಿ, ಜೊತೆಗೊಬ್ಬ ನಾಯಕ; ವಯಸ್ಸು 18ರಿಂದ 30. ಒಟ್ಟು ಮುನ್ನೂರರಷ್ಟು ಯುವಜನ, ಸುಮಾರು ಐವತ್ತು ದಿನ. ಮೊದಲು ಜಪಾನಿನ ಒಳಗೆ ಸುತ್ತಾಟ, ಆಮೇಲೆ ಹಡಗು ಹತ್ತಿ ನಾಲ್ಕೈದು ದೇಶಗಳ ಬಂದರು. ಯಾನದ ಮುಖ್ಯ ಖರ್ಚು ಜಪಾನ್ ಸರ್ಕಾರದ್ದು. ಆಯ್ಕೆ ಮಾಡುವುದು ಆಯಾ ದೇಶದ ಯುವಜನ ಇಲಾಖೆಗಳು.

ವಿಮಾನದಲ್ಲಿ ಏಳು ಗಂಟೆಯ ದಾರಿಗೆ ಹಡಗೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಡಗು ಬೇಕಾಗಿರುವುದು ದೂರ ಕ್ರಮಿಸಲಿಕ್ಕಲ್ಲ, ದಿನ ಕಳೆಯಲಿಕ್ಕೆ. ಬಹುಕಾಲ ಈ ಯಾನಕ್ಕೆ ಬಳಸಿದ ‘ನಿಪ್ಪೋನ್ ಮಾರು’ 1990ರಲ್ಲಿ ಕಟ್ಟಿದ ಪ್ರಯಾಣಿಕ ಹಡಗು. ಉದ್ದ ಸುಮಾರು 166 ಮೀಟರ್. ಊರಿನ ಒಂದು ಸಣ್ಣ ಬೀದಿಯಷ್ಟು ಜಾಗ. ಅಲ್ಲಿ ಬೇಸರವಾಯಿತೆಂದು ಎದ್ದು ಮನೆಗೆ ಹೋಗುವಂತಿಲ್ಲ. ಒಂದೊಂದು ಕ್ಯಾಬಿನ್ನಿನಲ್ಲಿ ಮೂವರು, ಮೂವರೂ ಬೇರೆ ಬೇರೆ ದೇಶದವರು. ಒಬ್ಬರಿಗೆ ಬೆಳಗಿನ ನಮಾಜಿಗೆ ಅಲಾರಂ ಬೇಕು, ಇನ್ನೊಬ್ಬರಿಗೆ ಏಸಿ ಚಳಿ, ಮತ್ತೊಬ್ಬರಿಗೆ ಹಡಗಿನ ಓಲಾಟಕ್ಕೆ ಮೂರು ದಿನದಿಂದ ಊಟ ಸೇರಿಲ್ಲ. ಇದರ ಮೇಲೆ ಎಲ್ಲರನ್ನೂ ಬೆರೆಸಿ ಹನ್ನೊಂದು ಗುಂಪು ಮಾಡುತ್ತಾರೆ. ಪ್ರತಿ ಗುಂಪಿನಲ್ಲೂ ಎಲ್ಲ ದೇಶದವರೂ ಇರುತ್ತಾರೆ. ಬೆಳಿಗ್ಗೆ ಧ್ವಜಾರೋಹಣ, ಹಗಲು ಚರ್ಚೆ, ಸಂಜೆ ಒಂದೊಂದು ದೇಶದವರು ತಮ್ಮ ಹಾಡು, ಕುಣಿತ, ಉಡುಗೆ ತೋರಿಸುವ ಕಾರ್ಯಕ್ರಮ.

ಹಡಗಿನ ಈ ದಿನಗಳನ್ನು ನಾನು ತಾಲೀಮು ಎಂದೇ ಭಾವಿಸುತ್ತೇನೆ. ಅಮೆರಿಕದ ಮನಃಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಒಂದು ಮಾತು ಹೇಳಿದ್ದರು: ಬೇರೆ ಬೇರೆ ಜನ ಬರೀ ಎದುರುಬದುರಾದರೆ ಪೂರ್ವಗ್ರಹ ಕರಗುವುದಿಲ್ಲ. ಇಬ್ಬರ ಸ್ಥಾನ ಸಮನಾಗಿರಬೇಕು, ಒಂದೇ ಗುರಿ ಇರಬೇಕು, ಆ ಗುರಿಗೆ ಕೈಜೋಡಿಸಿ ದುಡಿಯಬೇಕು, ಹಿರಿಯರ ಅಥವಾ ಆಡಳಿತದ ಬೆಂಬಲ ಇರಬೇಕು. ಹಡಗಿನ ವ್ಯವಸ್ಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಿಂಗಪುರದ ಶ್ರೀಮಂತನ ಮಗನಿಗೂ ಲಾವೋಸಿನ ರೈತನ ಮಗಳಿಗೂ ಅಷ್ಟೇ ಅಗಲದ ಮಂಚ, ಅದೇ ಊಟದ ಸರತಿ. ನಾಳೆ ಬಂದರಿನಲ್ಲಿ ಒಂದೇ ಗುಂಪಾಗಿ ಇಳಿಯಬೇಕು. ಇಂಗ್ಲಿಷ್ ಬಹುತೇಕ ಯಾರ ಮನೆಮಾತೂ ಅಲ್ಲದ್ದರಿಂದ ತಪ್ಪು ಮಾತಾಡುವ ಅಂಜಿಕೆ ಬೇಗ ಹೋಗುತ್ತದೆ.

ಇಷ್ಟು ತಾಲೀಮಾದ ಮೇಲೆ ಬಂದರು ಬರುತ್ತದೆ. ದೊಡ್ಡದೊಂದು ಸಭಾಂಗಣ. ಒಂದು ಕಡೆ ರಾಷ್ಟ್ರೀಯ ಉಡುಗೆ ತೊಟ್ಟ ಯುವಜನ, ಇನ್ನೊಂದು ಕಡೆ ಊರಿನ ಕುಟುಂಬಗಳು. ಮಕ್ಕಳು ಕೈಯಲ್ಲಿ ಹೆಸರು ಬರೆದ ಹಲಗೆ ಹಿಡಿದು ಕತ್ತು ಚಾಚುತ್ತಿರುತ್ತವೆ. ಹೆಸರು ಕೂಗುತ್ತಾರೆ, ಇಬ್ಬರು ಯುವಜನ ಮುಂದೆ ಬರುತ್ತಾರೆ, ಒಂದು ಕುಟುಂಬ ಮುಂದೆ ಬರುತ್ತದೆ, ಒಂದು ಫೋಟೋ, ಹೊರಗೆ ನಿಂತ ಕಾರು. ಅಲ್ಲಿಂದ ಮೂರು ಹಗಲು, ಎರಡು ರಾತ್ರಿ ಆ ಮನೆಯೇ ಮನೆ. ಸಂಬಂಧ ನೋಡಿ ಗೊತ್ತುಮಾಡಿದ ಮದುವೆಗಿಂತಲೂ ಇಲ್ಲಿ ಎದೆಬಡಿತ ಜೋರು. ಅಲ್ಲಾದರೆ ಫೋಟೋ ನೋಡಿರುತ್ತಾರೆ.

ಇಬ್ಬರನ್ನು ಕಳಿಸುತ್ತಾರೆ ಎಂದೆನಲ್ಲ, ಈ ಏರ್ಪಾಡಿನ ಜಾಣತನವೆಲ್ಲ ಆ ಒಂದು ನಿಯಮದಲ್ಲಿದೆ. ಇಬ್ಬರೂ ಬೇರೆ ಬೇರೆ ದೇಶದವರಾಗಿರುತ್ತಾರೆ. ಒಬ್ಬರನ್ನೇ ಕಳಿಸಿದರೆ ಆ ಒಬ್ಬರು ನಾಚಿ ಮುದುಡಿ ಕೂರುತ್ತಾರೆ, ಮನೆಯವರು ಸುತ್ತ ಕೂತು ನೋಡುತ್ತಾರೆ. ಒಂದೇ ದೇಶದ ಇಬ್ಬರಾದರೆ ಅವರದೇ ಭಾಷೆಯಲ್ಲಿ ಗುಸುಗುಸು ಶುರುವಾಗಿ ಮನೆಯವರು ಹೊರಗುಳಿಯುತ್ತಾರೆ. ಆದರೆ ಮಲೇಷ್ಯಾದ ಒಂದು ಮನೆಗೆ ಒಬ್ಬ ಜಪಾನಿ ಹುಡುಗಿ, ಒಬ್ಬ ವಿಯೆಟ್ನಾಮಿ ಹುಡುಗಿ ಬಂದರೆನ್ನಿ. ‘ನಿಮ್ಮಲ್ಲಿ ಹೊಸ ವರ್ಷ ಯಾವಾಗ?’ ಎಂದು ಅಮ್ಮ ಕೇಳಿದರೆ ಮೂರು ಉತ್ತರ ಬರುತ್ತವೆ. ಪ್ರಶ್ನೆ ಕೇಳಿದವಳಿಗೂ ತನ್ನ ಉತ್ತರ ಹೊಳೆಯುತ್ತದೆ. ‘ನಾವು’ ಮತ್ತು ‘ಅವರು’ ಎಂಬ ಎರಡು ಬದಿಯ ಆಟ ಮೂವರು ಕೂತ ಜಗುಲಿಯಲ್ಲಿ ನಡೆಯುವುದಿಲ್ಲ. ಜಪಾನಿ ಹುಡುಗಿಗೆ ಅರ್ಥವಾಗದ್ದನ್ನು ವಿಯೆಟ್ನಾಮಿನವಳು ಹೇಳಿಕೊಡುತ್ತಾಳೆ, ಹಡಗಿನಲ್ಲಿ ಕಲಿತ ಹರುಕುಮುರುಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ.

ಮಲಯ ಭಾಷೆಯಲ್ಲಿ ಇಂಥ ಕುಟುಂಬಕ್ಕೆ ‘ಕೆಲುವಾರ್ಗ ಅಂಕಾತ್’ ಎನ್ನುತ್ತಾರೆ, ಹೀಗೆ ಬಂದ ಮಗುವಿಗೆ ‘ಅನಾಕ್ ಅಂಕಾತ್’. ಅಂಕಾತ್ ಎಂದರೆ ಎತ್ತು. ದತ್ತು ಮಗುವಿಗೂ ಅದೇ ಮಾತು: ಎತ್ತಿಕೊಂಡ ಮಗು. ನಮ್ಮ ‘ಸಾಕುಮಗಳು’ ಎಂಬ ಮಾತಿನಲ್ಲಿ ಅನ್ನವಿದೆ, ಅವರ ಮಾತಿನಲ್ಲಿ ಸೊಂಟದ ಮೇಲಿನ ಕೂಸಿದೆ. ಆ ಮನೆಗಳಲ್ಲಿ ಅತಿಥಿಗೆ ‘ಸರ್’, ‘ಮೇಡಂ’ ಇಲ್ಲ. ಬಂದ ಗಳಿಗೆಯಿಂದ ಅಪ್ಪ, ಅಮ್ಮ, ಅಕ್ಕ, ತಮ್ಮ. ವರಸೆ ಹಚ್ಚಿ ಕರೆದ ಮೇಲೆ ಅದರ ಹಿಂದೆಯೇ ಕರ್ತವ್ಯಗಳೂ ಬರುತ್ತವೆ ಎಂಬುದು ನಮಗೆ ಹೊಸದಾಗಿ ಹೇಳಬೇಕಾದ್ದಲ್ಲ. ಅಮ್ಮ ಎಂದವಳ ಪಾತ್ರೆ ತೊಳೆಯದೆ ಏಳಲಾಗದು. ಮಗ ಎಂದವನಿಗೆ ಹಸಿವಾಗಿದೆಯೇ ಎಂದು ಕೇಳದೆ ಮಲಗಲಾಗದು.

ಕಷ್ಟಗಳು ಬರುವುದು ಬಚ್ಚಲಲ್ಲಿ ಮತ್ತು ಊಟದ ಮುಂದೆ. ಜಪಾನಿನ ಮನೆಯಲ್ಲಿ ತೊಟ್ಟಿಯ ತುಂಬ ಬಿಸಿನೀರು ಇರುತ್ತದೆ. ಆದರೆ ಸೋಪು ಹಚ್ಚಿ ಮೈ ತೊಳೆಯುವುದು ತೊಟ್ಟಿಯ ಹೊರಗೆ; ಚೊಕ್ಕಟವಾದ ಮೇಲೆ ಮಾತ್ರ ಒಳಗಿಳಿದು ಕೂರುವುದು. ಅದೇ ನೀರಿನಲ್ಲಿ ಒಬ್ಬರಾದ ಮೇಲೊಬ್ಬರು ಇಡೀ ಮನೆಯವರು ಕೂರುತ್ತಾರೆ. ಅತಿಥಿಗೆ ಗೌರವವಾಗಿ ಮೊದಲ ಸರದಿ ಕೊಡುತ್ತಾರೆ. ತಿಳಿಯದ ಅತಿಥಿ ಸ್ನಾನ ಮುಗಿಸಿ ನೀರು ಹರಿಯಬಿಟ್ಟರೆ ಹೊರಗೆ ಟವೆಲ್ ಹಿಡಿದು ನಿಂತ ನಾಲ್ಕು ಜನ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಇಂಡೋನೇಷ್ಯಾದ ಹಳೆಯ ಮನೆಯಲ್ಲಿ ಇದರ ತದ್ವಿರುದ್ಧ. ಅಲ್ಲಿಯೂ ಕಟ್ಟಿದ ತೊಟ್ಟಿಯಿದೆ, ‘ಬಾಕ್ ಮಂಡಿ’ ಎನ್ನುತ್ತಾರೆ, ಆದರೆ ಅದರೊಳಗೆ ಇಳಿಯಬಾರದು. ‘ಗಾಯುಂಗ್’ ಎಂಬ ಹಿಡಿಕೆಯ ಪಾತ್ರೆಯಿಂದ ಮೊಗೆದು ಹುಯ್ದುಕೊಳ್ಳಬೇಕು. ಜಪಾನಿನಿಂದ ಬಂದ ಮಗು ರೂಢಿಯಂತೆ ತೊಟ್ಟಿಗೇ ಇಳಿದರೆ ಮನೆಯ ನೀರೆಲ್ಲ ಹೋಯಿತು. ಹಂಡೆಯಿಂದ ತಂಬಿಗೆಯಲ್ಲಿ ಮೊಗೆದು ಮಿಂದು ಬೆಳೆದ ನಮ್ಮವರಿಗೆ ಆ ಬಚ್ಚಲಲ್ಲಿ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ.

ಊಟದ ವಿಷಯ ಇನ್ನೂ ಸೂಕ್ಷ್ಮ. ಹಂದಿಮಾಂಸ ಬಡಿಸದಿದ್ದರೆ ಮುಸ್ಲಿಂ ಅತಿಥಿಗೆ ಸಾಕು ಎಂದು ಜಪಾನಿನ ಅಮ್ಮ ಒಳ್ಳೆಯ ಮನಸ್ಸಿನಿಂದಲೇ ಅಂದುಕೊಂಡಿರುತ್ತಾಳೆ. ಆದರೆ ಅಡುಗೆಗೆ ಹಾಕುವ ‘ಮಿರಿನ್’ ಅಕ್ಕಿಯಿಂದ ಮಾಡಿದ, ಮದ್ಯಾಂಶವಿರುವ ರಸ. ಸಸ್ಯಾಹಾರಿ ಎಂದು ಬರೆದುಕೊಟ್ಟ ಅತಿಥಿಗೆ ಅವಳು ತೋಫು ಹಾಕಿದ ಮಿಸೋ ಸಾರು ಕೊಡುತ್ತಾಳೆ; ಆ ಸಾರಿನ ಬುಡ ಸಾಮಾನ್ಯವಾಗಿ ಒಣಮೀನಿನ ಹೆರಕಲಿನಿಂದ ತೆಗೆದ ರಸ. ಅವಳ ಲೆಕ್ಕದಲ್ಲಿ ಅದು ಮೀನು ತಿಂದಂತಲ್ಲ, ನಮಗೆ ಉಪ್ಪು ಹೇಗೋ ಅವಳಿಗೆ ಅದು ಹಾಗೆ. ಕರ್ನಾಟಕದಿಂದ ಹೋಗುವ ಸಸ್ಯಾಹಾರಿಗಳಿಗೆ ನಾನು ಹೇಳುವುದಿಷ್ಟೇ: ‘ವೆಜಿಟೇರಿಯನ್’ ಎಂಬ ಒಂದು ಪದ ಬರೆದು ಕೈತೊಳೆದುಕೊಳ್ಳಬೇಡಿ. ಮೀನಿನ ರಸ, ಮೀನಿನ ಪುಡಿ, ಮೊಟ್ಟೆ, ಹಾಲು, ಯಾವುದು ಆಗುತ್ತದೆ ಯಾವುದು ಆಗದು ಎಂದು ಒಂದೊಂದಾಗಿ ಬರೆದು ಹೊರಡುವ ಮುಂಚೆಯೇ ಕಳಿಸಿ. ಬಡಿಸಿದ ಮೇಲೆ ಬೇಡ ಎನ್ನುವುದು ಇಬ್ಬರಿಗೂ ನೋವು.

ಇಷ್ಟೆಲ್ಲ ಅಡಚಣೆಗಳ ನಡುವೆ ಪರಿಚಿತವಾದದ್ದೂ ಎದುರಾಗುತ್ತದೆ. ಕನ್ನಡದ ಹುಡುಗಿಯೊಬ್ಬಳು ಇಂಡೋನೇಷ್ಯಾದ ಮನೆಯಲ್ಲಿದ್ದರೆ ಭಾಷೆಗೆ ‘ಬಹಾಸ’, ಗಂಡನಿಗೆ ‘ಸುವಾಮಿ’, ಹೆಂಡತಿಗೆ ‘ಇಸ್ತ್ರಿ’ ಎನ್ನುವುದನ್ನು ಕೇಳಿ ಕಿವಿ ನಿಮಿರಿಸುತ್ತಾಳೆ. ಎಡಗೈಯಲ್ಲಿ ಏನನ್ನೂ ಕೊಡಬಾರದು ಎಂದು ನಮ್ಮ ಅಜ್ಜಿ ಗದರಿದ್ದು ಅಲ್ಲಿನ ಅಜ್ಜಿಯೂ ಗದರುವ ಮಾತೇ. ಫಿಲಿಪ್ಪೀನ್ಸಿನಲ್ಲಿ ಕಿರಿಯರು ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ; ಕಾಲಿಗೆ ಬಿದ್ದು ಬೆಳೆದವರಿಗೆ ಅದರ ಅರ್ಥ ಯಾರೂ ಬಿಡಿಸಬೇಕಿಲ್ಲ. ಥಾಯ್ಲೆಂಡಿನಲ್ಲಿ ಪರರ ತಲೆ ಮುಟ್ಟಬಾರದು, ಯಾರ ಕಡೆಗೂ ಕಾಲು ಚಾಚಿ ಕೂರಬಾರದು. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಎದುರು ಸಿಕ್ಕವರು ಕುಶಲ ವಿಚಾರಿಸುವಾಗ ‘ಸುದಾ ಮಕಾನ್?’ ಎನ್ನುತ್ತಾರೆ. ಊಟ ಆಯ್ತಾ?

ಎರಡು ರಾತ್ರಿಯಲ್ಲಿ ಏನು ಮಹಾ ತಿಳಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೂರನೆಯ ದಿನ ಬೇಸರ ಶುರುವಾಗುವ ಮೊದಲೇ ಅತಿಥಿ ಹೊರಟಿರುತ್ತಾನೆ. ಹಬ್ಬದ ಅಡುಗೆ ಮುಗಿದು ತಂಗಳನ್ನದ ದಿನ ಬರುವುದೇ ಇಲ್ಲ. ಒಂದು ಶಾಲಾ ವರ್ಷ ಪೂರ್ತಿ ಪರದೇಶದ ಮನೆಯಲ್ಲಿರುವ ಮಕ್ಕಳು ಅದನ್ನೂ ಕಾಣುತ್ತಾರೆ: ಮನೆಯವರ ಮುನಿಸು, ಟಿವಿ ರಿಮೋಟಿನ ಜಗಳ, ಊರಿನ ನೆನಪಾಗಿ ಅತ್ತ ರಾತ್ರಿ. ಆ ಕಲಿಕೆ ಆಳವಾದದ್ದು. ಹಡಗಿಗೆ ಆಯ್ಕೆಯಾಗುವವರಲ್ಲಿ ಇಂಗ್ಲಿಷ್ ಬಲ್ಲ, ಓದಿದ, ವೇದಿಕೆ ಏರಿ ಹಾಡಬಲ್ಲವರೇ ಹೆಚ್ಚು ಎಂಬುದೂ, ಅತಿಥಿಗೆ ಕೋಣೆ ಬಿಟ್ಟುಕೊಡಬಲ್ಲ ಮನೆಗಳೇ ಮುಂದೆ ಬರುತ್ತವೆ ಎಂಬುದೂ ನಿಜ. ಈ ಕೊರತೆಯನ್ನು ಮುಚ್ಚಿಟ್ಟು ಹೊಗಳುವುದು ನನಗೆ ಸರಿಯೆನಿಸದು.

ಆದರೂ ಈ ಯೋಜನೆಯನ್ನು ನಾನು ಮೆಚ್ಚುವುದು ಅದು ಅತಿಥಿಯನ್ನು ಆತಿಥೇಯನಾಗಿ ಮಾಡುವ ಬಗೆಗೆ. ಯಾನ ಮುಗಿಸಿ ಊರಿಗೆ ಬಂದವರಿಗೆ ಪ್ರತಿ ದೇಶದಲ್ಲೂ ಒಂದು ಹಳೆಯ ಯಾತ್ರಿಗಳ ಸಂಘವಿದೆ. ಮುಂದಿನ ವರ್ಷಗಳಲ್ಲಿ ಹಡಗು ತಮ್ಮ ಬಂದರಿಗೆ ಬಂದಾಗ ಮನೆಗಳನ್ನು ಹುಡುಕುವುದು, ಯಾರಿಗೆ ನಾಯಿಯ ಭಯ, ಯಾರಿಗೆ ಸೀಗಡಿ ಆಗುವುದಿಲ್ಲ ಎಂದು ಪಟ್ಟಿ ಮಾಡಿ ಜೋಡಿ ಕೂಡಿಸುವುದು, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಎದ್ದು ಹೋಗುವುದು, ಇವೆಲ್ಲದರಲ್ಲಿ ಆ ಹಳಬರ ಕೈ ದೊಡ್ಡದು. ಇಪ್ಪತ್ತೆರಡರಲ್ಲಿ ಪರರ ಮನೆಯಲ್ಲಿ ಉಂಡವನು ನಲವತ್ತರಲ್ಲಿ ತನ್ನ ಮನೆಯ ಬಾಗಿಲು ತೆರೆಯುತ್ತಾನೆ. ಉಂಡ ಮನೆಗೆ ತೀರಿಸಲಾಗದ ಋಣವನ್ನು ಹಾಗೆ ಇನ್ಯಾರಿಗೋ ತೀರಿಸುತ್ತಾನೆ.

ನಮ್ಮ ಮಕ್ಕಳಿಗೆ ಈ ದಾರಿ ಇಲ್ಲವೇ? ಆಗ್ನೇಯ ಏಷ್ಯಾದ ಹಡಗು ಆ ಹನ್ನೊಂದು ದೇಶಗಳದ್ದು. ಆದರೆ ಜಪಾನ್ ಸರ್ಕಾರವೇ 1988ರಲ್ಲಿ ಆರಂಭಿಸಿದ ‘ವಿಶ್ವ ಯುವಜನರ ಹಡಗಿ’ನಲ್ಲಿ ಭಾರತದ ಯುವಜನರೂ ಪಯಣಿಸಿದ್ದಾರೆ. ಅದರ ಸುದ್ದಿಗೆ ಕೇಂದ್ರದ ಯುವಜನ ವ್ಯವಹಾರಗಳ ಸಚಿವಾಲಯದ ಪ್ರಕಟಣೆಗಳನ್ನು ನೋಡುತ್ತಿರಬೇಕು. ಹೈಸ್ಕೂಲು, ಪಿಯುಸಿ ವಯಸ್ಸಿನವರಿಗೆ ಎಎಫ್‌ಎಸ್ ಮತ್ತು ರೋಟರಿಯ ಯುವ ವಿನಿಮಯ ಕಾರ್ಯಕ್ರಮಗಳಿವೆ. ರೋಟರಿಯದ್ದು ಹೆಸರಿಗೆ ತಕ್ಕ ವಿನಿಮಯ: ಇಲ್ಲಿಂದ ಮಕ್ಕಳು ಹೋಗುತ್ತಾರೆ, ಅಲ್ಲಿಂದ ಬಂದವರಿಗೆ ಇಲ್ಲಿ ಮನೆಗಳು ಬೇಕು.

ಹಾಗೆ ಬಂದ ಮಗುವನ್ನು ಇಟ್ಟುಕೊಳ್ಳಲು ನಮ್ಮವರು ಹಿಂಜರಿಯುವುದು ‘ನಮ್ಮ ಮನೆ ಅಷ್ಟು ಚೆನ್ನಾಗಿಲ್ಲ’ ಎಂದು. ಹೊಸ ಪರದೆ ಬೇಕಿಲ್ಲ, ಪಿಜ್ಜಾ ತರಿಸಬೇಕಿಲ್ಲ. ಬೀಗ ಹಾಕಿಕೊಳ್ಳಬಹುದಾದ ಬಚ್ಚಲು, ತನ್ನದೇ ಎನ್ನಬಹುದಾದ ಒಂದು ಮಂಚ, ಕುಡಿಯಲು ಕಾಯಿಸಿ ಆರಿಸಿದ ನೀರು, ಖಾರ ಕಡಿಮೆ ಮಾಡಿದ ಒಂದು ಪಲ್ಯ ಇದ್ದರೆ ಆಯಿತು. ಇನ್ನೊಂದು ಬಹಳ ಮುಖ್ಯ: ‘ಸಾಕು’ ಎಂದರೆ ಸಾಕು ಎಂದೇ ತಿಳಿಯಿರಿ. ಬೇಡಬೇಡ ಎಂದರೂ ಮತ್ತೊಂದು ಸೌಟು ಹಾಕುವುದು ನಮ್ಮಲ್ಲಿ ಪ್ರೀತಿ. ತಟ್ಟೆಯಲ್ಲಿ ಬಿಡಬಾರದೆಂದು ಕಲಿತು ಬಂದ ಮಗುವಿಗೆ ಅದು ಶಿಕ್ಷೆ. ಮಗುವನ್ನು ನೆಂಟರಿಷ್ಟರಿಗೆಲ್ಲ ತೋರಿಸುತ್ತ ಸುತ್ತಿಸುವುದಕ್ಕಿಂತ, ಅಡುಗೆಮನೆಯಲ್ಲಿ ಒಂದು ಮಣೆ ಕೊಟ್ಟು ಚಪಾತಿ ಲಟ್ಟಿಸಲು ಕೂರಿಸಿದರೆ ಬೇಗ ಒಳಗಿನವರಾಗುತ್ತಾರೆ.

ಮನೆವಾಸ ಮುಗಿದ ಮೇಲೆ ಬಂದರಿನಲ್ಲಿ ಇನ್ನೊಂದು ಘಟ್ಟವಿದೆ. ಹಡಗು ಬಿಡುವ ಮುಂಚೆ ಮನೆಯವರನ್ನು ಒಳಗೆ ಕರೆಯುತ್ತಾರೆ. ಎರಡು ದಿನದ ಅಮ್ಮ ಎರಡು ದಿನದ ಮಗನ ಕ್ಯಾಬಿನ್ ನೋಡುತ್ತಾಳೆ, ಮಂಚ ಇಷ್ಟು ಸಣ್ಣದೇ ಎನ್ನುತ್ತಾಳೆ, ತಂದ ತಿಂಡಿಯ ಪೊಟ್ಟಣವನ್ನು ಮೂವರಿಗೂ ಹಂಚಲು ಹೇಳುತ್ತಾಳೆ. ಆಮೇಲೆ ಎಲ್ಲರೂ ಕೆಳಗಿಳಿಯುತ್ತಾರೆ. ಜಪಾನಿ ಹಡಗುಗಳ ಹಳೆಯ ಪದ್ಧತಿಯಂತೆ ಮೇಲಿನಿಂದ ಬಣ್ಣಬಣ್ಣದ ಕಾಗದದ ಪಟ್ಟಿಯ ಸುರುಳಿಗಳನ್ನು ಎಸೆಯುತ್ತಾರೆ. ಒಂದು ತುದಿ ಡೆಕ್ಕಿನ ಮೇಲಿನವರ ಕೈಯಲ್ಲಿ, ಇನ್ನೊಂದು ತುದಿ ದಡದವರ ಕೈಯಲ್ಲಿ. ಹಡಗು ಸರಿದಂತೆ ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ ಕೊನೆಗೆ ಹರಿಯುತ್ತದೆ.

ಜಪಾನಿ ಮನೆಯಲ್ಲಿ ಇದ್ದು ಬಂದ ಮಕ್ಕಳು ಹೊಸ್ತಿಲು ದಾಟುವಾಗ ಹೇಳುವ ಮಾತೊಂದನ್ನು ಕಲಿತಿರುತ್ತಾರೆ: ‘ಇತ್ತೆ ಕಿಮಾಸು’. ಒಳಗಿನಿಂದ ಅಮ್ಮ ‘ಇತ್ತೆರಾಸ್ಶಾಯ್’ ಎನ್ನುತ್ತಾಳೆ. ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಮೊದಲನೆಯದು ‘ಹೋಗಿ ಬರ್ತೀನಿ’, ಎರಡನೆಯದು ‘ಹೋಗಿ ಬಾ’.